ಗುಹೆಗೆ ಬಿಸಿಲು ಹೊತ್ತ ಕನ್ನಡಿ

ನಾನು ಒಂದು ಕನ್ನಡಿ. ಹಾಗೆಂದ ಕೂಡಲೇ ನೀವು ತಲೆಗೂದಲು ಸರಿಮಾಡಿಕೊಳ್ಳಲು ಶುರು ಮಾಡಬೇಡಿ. ಮುಖ ತೋರಿಸುವ ಕನ್ನಡಿಗಳು ಮನೆಗೊಂದಿವೆ, ಕ್ಷೌರದಂಗಡಿಯಲ್ಲಿ ಎದುರುಬದುರು ನಾಲ್ಕಿವೆ. ನಾನು ಸೂರ್ಯನನ್ನು ಹಿಡಿದು ಗುಹೆಯೊಳಗೆ ಕಳಿಸಿದವನು. ನೂರಾರು ವರ್ಷ ಕತ್ತಲಲ್ಲಿ ಕೂತಿದ್ದ ಕಲ್ಲಿಗೆ ಬೆಳಗಾಯಿತೆಂದು ಹೇಳಿದವನು. ಇದನ್ನು ಜಂಬ ಎನ್ನುವವರು ಎನ್ನಲಿ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನಮ್ಮ ಕುಲದ ಗುಣ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಓಣಿಯಲ್ಲಿ. ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಅಲ್ಲಿಗೆ ಬಂದಾಗ ಬರೀ ಗಾಜಾಗಿದ್ದೆ. ಆಚೆ ಇದ್ದದ್ದು ಈಚೆಗೆ ಕಾಣುತ್ತಿತ್ತು, ನನ್ನದೆನ್ನುವುದು ಏನೂ ಇರಲಿಲ್ಲ. ಅಲ್ಲಿನ ಮೇಸ್ತ್ರಿ ನನ್ನನ್ನು ತೊಳೆದು, ಬೋರಲು ಮಲಗಿಸಿ, ಬೆನ್ನಿಗೆ ಬೆಳ್ಳಿಯ ರಸ ಹೊಯ್ದ. ಅದು ಒಣಗಿದ ಮೇಲೆ ಕೆಂಪು ಬಣ್ಣ ಬಳಿದ. ತಿರುಗಿಸಿ ನಿಲ್ಲಿಸಿದಾಗ ನಾನು ಮೊದಲು ಕಂಡದ್ದು ಅವನ ಮುಖ. ಅವನು ಮಾತ್ರ ನನ್ನನ್ನು ನೋಡಲಿಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಅಡಿಕೆಚೂರನ್ನು ನೋಡಿಕೊಂಡ. ಎದುರು ನಿಂತವರು ನಮ್ಮನ್ನು ನೋಡುವುದಿಲ್ಲ ಎಂಬುದು ನನಗೆ ಅಂದೇ ತಿಳಿಯಿತು.

ಎರಡೂವರೆ ಅಡಿ ಎತ್ತರ, ಒಂದಡಿ ಅಗಲಕ್ಕೆ ನನ್ನನ್ನು ಕೊಯ್ದು ತಿಜೋರಿಯ ಬಾಗಿಲಿಗೆ ಕೂರಿಸಿದರು. ತಿಜೋರಿ ಎಂದರೆ ನಮ್ಮ ಕಡೆ ಸೀರೆ, ಕುಪ್ಪಸ ಇಡುವ ಕಬ್ಬಿಣದ ಕಪಾಟು. ಹುನಗುಂದದ ಕಡೆಯ ಒಬ್ಬ ತಂದೆ ಅದನ್ನು ಮಗಳ ಮದುವೆಗೆಂದು ಕೊಂಡ. ಮಗಳ ಹೆಸರು ನೀಲವ್ವ. ಟ್ರ್ಯಾಕ್ಟರಿನ ಮೇಲೆ, ಕೊಡಪಾನ ತಪ್ಪೇಲಿಗಳ ನಡುವೆ ನಿಂತು, ಅವಳ ಅವ್ವ ಹೊದಿಸಿದ ಕೌದಿಯೊಳಗೆ ಬೆವರುತ್ತಾ, ನಾನು ನೀಲವ್ವನ ಜೊತೆಗೇ ಅವಳ ಗಂಡನ ಊರಿಗೆ ಬಂದೆ.

ಆ ಊರು ಕೆಂಬಂಡಿ. ಮಲಪ್ರಭೆಯಿಂದ ಹರದಾರಿ ದೂರ, ಕೆಂಪು ಗುಡ್ಡದ ಬುಡದಲ್ಲಿದೆ. ಗುಡ್ಡದ ಹೊಟ್ಟೆಯಲ್ಲಿ ಹಳೆಯ ಕಾಲದವರು ಕೊರೆದ ಮೂರು ಗುಹೆಗಳಿವೆ. ನೀಲವ್ವನ ಗಂಡ ಯಮನಪ್ಪ ಬಂದವರಿಗೆ ಅವನ್ನು ತೋರಿಸುವ ಗೈಡು. ಮೂರನೆಯ ಗುಹೆಗೆ ಒಂದು ಒಳಕೋಣೆಯಿದೆ, ಚಂದವೆಲ್ಲ ಅದರ ಮಾಳಿಗೆಯಲ್ಲಿ, ಎಂದರೆ ತಲೆಯ ಮೇಲಿನ ಕೆತ್ತಿದ ಚಾವಣಿಯಲ್ಲಿದೆ. ಆದರೆ ಆ ಕೋಣೆ ಬಾವಿಯಂತೆ ಕತ್ತಲು, ಅಲ್ಲಿ ದೀಪ, ಬ್ಯಾಟರಿ ಹಚ್ಚಲು ಅಪ್ಪಣೆಯಿಲ್ಲ. ಅದಕ್ಕೆ ಯಮನಪ್ಪನ ಅಪ್ಪನ ಕಾಲದಿಂದಲೂ ಒಂದು ಉಪಾಯವಿತ್ತು. ಹೊರಗಿನ ಅಂಗಳದಲ್ಲಿ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸುತ್ತಾರೆ. ಒಳಗೆ ಗೈಡು ಒಂದು ಬಿಳಿ ಧೋತರವನ್ನು ಓರೆಯಾಗಿ ಹಿಡಿದು ಆ ಬಿಸಿಲನ್ನು ಅದರ ಮೇಲೆ ಬೀಳಿಸಿಕೊಳ್ಳುತ್ತಾನೆ. ಬೆಳಕು ಬಟ್ಟೆಯಿಂದ ಮೇಲೆದ್ದು ಮಾಳಿಗೆಗೆ ಹಬ್ಬುತ್ತದೆ. ಬಟ್ಟೆ ವಾಲಿಸಿದ ಕಡೆ ಮೂಲೆ ಬೆಳಗುತ್ತದೆ.

ಮದುವೆಯಾದ ವರ್ಷ ಒಂದು ಮಂಗ ಯಮನಪ್ಪನ ಹಳೆಯ ಕನ್ನಡಿಯನ್ನು ಎತ್ತಿಕೊಂಡು ಹೋಗಿ, ಅದರೊಳಗಿನ ಮಂಗನ ಜೊತೆ ಜಗಳವಾಡಿ, ಬಂಡೆಗೆ ಅಪ್ಪಳಿಸಿತು. ಅದೇ ಹೊತ್ತಿಗೆ ಗದಗಿನಿಂದ ಹದಿನಾಲ್ಕು ಜನರ ಒಂದು ಮನೆತನ ಮೇಲೆ ಕಾದು ಕೂತಿತ್ತು. ಯಮನಪ್ಪ ಏದುಸಿರು ಬಿಡುತ್ತಾ ಮನೆಗೆ ಓಡಿಬಂದವನೇ ನನ್ನ ಸ್ಕ್ರೂಗಳನ್ನು ಬಿಚ್ಚತೊಡಗಿದ. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು.

"ಏನ್ ಮಾಡಾಕತ್ತೀರಿ ಅದನ್ನ?"

"ಹಳೇದನ್ನ ಮಂಗ್ಯಾ ಒಡದೈತಿ. ಒಂದ್ ತಾಸಿಂದು ಕೆಲಸ ಐತಿ. ಮತ್ತ ತಂದು ಹಚ್ಚತೀನಿ."

"ನಮ್ಮಪ್ಪ ಕೊಟ್ಟ ಕನ್ನಡಿ ಅದು. ಅಲ್ಲಿ ಯಾರ ಕೈಯಾಗ ಕೊಡಾವ್ರ ನೀವು? ಇದನ್ನೂ ಒಡದ್ರ?"

"ಹಂಗಾರ ನೀನಾ ಬಂದು ಹಿಡಿ!"

ಅವನು ಸಿಟ್ಟಿನಲ್ಲಿ ಅಂದ ಮಾತು ಅದು. ಅವಳು ಹಂಚು ಇಳಿಸಿದಳು, ಕೈ ತೊಳೆದಳು, ಸೆರಗು ಸಿಕ್ಕಿಸಿ ನನ್ನನ್ನು ಸೊಂಟಕ್ಕೆ ಆನಿಸಿಕೊಂಡು ಹೊರಟೇಬಿಟ್ಟಳು. ಮದುವೆಯ ಬಳೆ ಇನ್ನೂ ಹೊಸದಾಗಿದ್ದವು, ಮೆಟ್ಟಿಲು ಹತ್ತುವಾಗ ನನ್ನ ಅಂಚಿಗೆ ತಾಗಿ ಸದ್ದು ಮಾಡುತ್ತಿದ್ದವು.

ಅಂದು ಅಂಗಳದಲ್ಲಿ ಅವಳು ನನ್ನನ್ನು ಬಿಸಿಲಿಗೆ ತಿರುಗಿಸಿದ ಗಳಿಗೆ ಇವತ್ತಿಗೂ ನನ್ನ ಬೆನ್ನಿನ ರಸದಲ್ಲಿದೆ. ಅಲ್ಲಿಯವರೆಗೆ ನಾನು ಕಂಡಿದ್ದು ಕುಂಕುಮ, ಬೈತಲೆ, ಮುಸುರೆ ಪಾತ್ರೆ. ಈಗ ಒಮ್ಮೆಲೇ ಸೂರ್ಯ ಇಡೀ ಮೈಗೆ ಬಂದ. ನಾನು ಅವನನ್ನು ಕಂಬಗಳ ನಡುವಿನಿಂದ ಒಳಕೋಣೆಗೆ ದಬ್ಬಿದೆ. ಯಮನಪ್ಪನ ಧೋತರ ಹಾಲಿನ ಹಾಗೆ ಬೆಳಗಿತು. ಒಳಗೆ ಹದಿನಾಲ್ಕು ಬಾಯಿಗಳಿಂದ ಒಂದೇ ಸಲ "ಆಹಾ" ಎಂದು ಬಂತು. ಸುಳ್ಳು ಯಾಕೆ ಹೇಳಲಿ, ನಾನು ಅವತ್ತೇ ತಿಜೋರಿಯನ್ನು ಮರೆತೆ.

ನೀಲವ್ವನ ಕೈಯೂ ಅಂಥದ್ದೇ ಆಗಿತ್ತು. ಸೂರ್ಯ ಮೇಲೆ ಒಂದು ಗೇಣು ಸರಿದರೆ ಕನ್ನಡಿ ಇಲ್ಲಿ ಎಳ್ಳಿನಷ್ಟು ತಿರುಗಬೇಕು. ಅದು ಹೇಳಿಕೊಟ್ಟು ಬರುವ ವಿದ್ಯೆಯಲ್ಲ. ಯಮನಪ್ಪನೇ ಹಿಡಿದರೆ ನನ್ನ ಬೆಳಕು ಕುಡಿದವನ ನಡಿಗೆಯಂತೆ ತೂರಾಡುತ್ತಿತ್ತು. ಹಾಗಾಗಿ ಅವಳು ಹೊರಗೆ, ಅವನು ಒಳಗೆ ಎಂದಾಯಿತು. ತನ್ನನ್ನು ಬಿಟ್ಟು ಬೇರೆ ಯಾರೂ ನನ್ನನ್ನು ಮುಟ್ಟಬಾರದೆಂದು ಅವಳೇ ಕಟ್ಟಳೆ ಮಾಡಿದಳು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ ನಮ್ಮ ಹೊತ್ತು. ಆಮೇಲೆ ಗುಡ್ಡದ ನೆರಳು ಅಂಗಳಕ್ಕೆ ಇಳಿದರೆ ನಾನೂ ಒಂದೇ, ಹಲಗೆಯೂ ಒಂದೇ.

ಮನೆಮಂದಿ ಕೂಡಿ ಬರುವ ಭಾನುವಾರಗಳನ್ನು ನೀವು ನೋಡಬೇಕಿತ್ತು. ಅಪ್ಪನಾದವನು ಫೋನಿನಲ್ಲಿ ಓದಿಕೊಂಡು ಬಂದು ಗೈಡಿಗೇ ಪಾಠ ಹೇಳುತ್ತಾನೆ. ಮಕ್ಕಳು ಗುಹೆಯಲ್ಲಿ ಕೂಗಿ ತಮ್ಮದೇ ದನಿ ಮರಳುವುದನ್ನು ಕೇಳುತ್ತಾರೆ. ಹೊಸ ಮದುವೆಯವರಿಗೆ ಕಂಬದ ಮರೆ ಬೇಕು. ಮತ್ತು ಒಂದೊಂದು ಮನೆತನದಲ್ಲೂ ಒಬ್ಬರು ಹೊರಗೇ ಉಳಿಯುತ್ತಾರೆ, ರೊಟ್ಟಿ ಬುತ್ತಿಯನ್ನೂ ಚಪ್ಪಲಿಯನ್ನೂ ಮಂಗಗಳಿಂದ ಕಾಯಲು. ಹೆಚ್ಚಾಗಿ ಅದು ಅತ್ತೆ, ಇಲ್ಲವೇ ಹಿರಿಯ ಸೊಸೆ. ಮನೆಗೆ ಹೋದ ಮೇಲೆ ಅವರೂ "ಭಾಳ ಚಲೋ ಇತ್ತು" ಎನ್ನುತ್ತಾರೆ.

ನಮ್ಮ ನೀಲವ್ವನೂ ಆ ಸಾಲಿನವಳೇ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಬೆಳಕು ಅವಳದು, ನೋಡುವವರು ಬೇರೆ. ಅವಳು ನನ್ನನ್ನು ಬಿಟ್ಟು ಒಳಗೆ ಹೋದರೆ ಒಳಗೆ ಕತ್ತಲು. ಆದರೂ ಅವಳಿಗೆ ಮಾಳಿಗೆ ಬಾಯಿಪಾಠವಾಗಿತ್ತು, ಕಿವಿಯಿಂದ. ಯಮನಪ್ಪ ಮೊದಲ ಮೂಲೆಯಲ್ಲಿ "ಮೂರು ಮೀನ ನೋಡ್ರಿ, ಮೂರಕ್ಕೂ ತಲಿ ಒಂದ" ಎಂದಾಗ ಮಕ್ಕಳು ಎಣಿಸುತ್ತಿದ್ದರು. ಎರಡನೆಯ ಮೂಲೆಯಲ್ಲಿ ಶಂಖ ಊದುವ ಡೊಳ್ಳುಹೊಟ್ಟೆಯ ಶಿವಗಣನ ಉಬ್ಬಿದ ಗಲ್ಲ ಕಂಡು ನಗು ಏಳುತ್ತಿತ್ತು. ಮೂರನೆಯ ಮೂಲೆಯಲ್ಲಿ ಒಬ್ಬ ಗಂಡ ಹೆಂಡತಿಯ ಪಾದ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದಾನೆ. ಅಲ್ಲಿ ಯಾವಳೋ ತನ್ನ ಗಂಡನನ್ನು ತಿವಿಯುವ ಬಳೆಯ ಸದ್ದು ಬರುತ್ತಿತ್ತು.

ನಾಲ್ಕನೆಯ ಮೂಲೆಯ ಸಂಗತಿ ಬೇರೆ. ಅದನ್ನೇ ಹೇಳಬೇಕೆಂದು ಇಷ್ಟು ದೂರ ಬಂದೆ.

ಮೊದಲ ಬೇಸಿಗೆಯ ಒಂದು ಮಧ್ಯಾಹ್ನ, ಕೆಲಸ ಮುಗಿದ ಮೇಲೆ, ನೀಲವ್ವ ನೋಯುವ ರಟ್ಟೆ ಒತ್ತಿಕೊಳ್ಳುತ್ತಾ ಕೇಳಿದಳು. "ಮೀನ ಅದಾವ, ಗಣ ಅದಾನ, ಮುಳ್ಳು ತಗಿಸಿಕೊಳ್ಳಾಕಿ ಅದಾಳ. ನನ್ನಂಗ ಬಿಸಲಾಗ ನಿಂತು ದುಡಿಯಾಕಿ ಒಬ್ಬಾಕಿನೂ ಇಲ್ಲೇನ್ರಿ ಅಲ್ಲಿ?"

ಅವಳು ನಾಳೆ ಬರುವುದಿಲ್ಲ ಎನ್ನುತ್ತಾಳೇನೋ ಎಂದು ಯಮನಪ್ಪನಿಗೆ ದಿಗಿಲಾಯಿತು. ಗೈಡಿನ ನಾಲಿಗೆ, ತಡೆಯಲಿಲ್ಲ. "ಅದಾಳಲ್ಲ! ನಾಕನೇ ಮೂಲ್ಯಾಗ ಕನ್ನಡಿ ಹಿಡಕೊಂಡು ನಿಂತಾಳ. ಥೇಟ್ ನಿನ್ನಂಗ. ಮೂಗು ಸುದ್ದಾ ನಿಂದ."

ನಾಲ್ಕನೆಯ ಮೂಲೆಯಲ್ಲಿ ಏನೂ ಇರಲಿಲ್ಲ. ಹಳೆಯ ಶಿಲ್ಪಿಗಳು ಅದನ್ನು ಮುಗಿಸದೆ ಎದ್ದು ಹೋಗಿದ್ದರು. ಬರೀ ಉಳಿಯ ಗೆರೆಗಳು. ನನ್ನ ಬೆಳಕು ಹೋದಲ್ಲಿಗೆ ನನ್ನ ಕಣ್ಣೂ ಹೋಗುತ್ತದೆ, ನನಗೆ ಗೊತ್ತಿತ್ತು. ಆದರೆ ನನಗೆ ಬಾಯಿಲ್ಲ. ಅವಳ ಮುಖ ಅವತ್ತು ಅರಳಿದ್ದನ್ನು ನೋಡಿ, ಬಾಯಿಲ್ಲದ್ದೇ ವಾಸಿ ಎಂದುಕೊಂಡೆ.

ಮರುದಿನದಿಂದ ಯಮನಪ್ಪನಿಗೆ ಪೀಕಲಾಟ. ಹೊರಗೆ ಅವಳ ಕಿವಿ ತೆರೆದೇ ಇರುತ್ತದೆ. ಬಂದ ಪ್ರತಿಯೊಂದು ಗುಂಪಿಗೂ ಅವನು ಗಟ್ಟಿಯಾಗಿ ಹೇಳಲೇಬೇಕಾಯಿತು, "ನಾಕನೇ ಮೂಲ್ಯಾಗ ನೋಡ್ರಿ, ಕನ್ನಡಿ ಹಿಡಿದ ಹೆಣ್ಣು!" ಎನ್ನುತ್ತಲೇ ಧೋತರ ಮಡಚಿಬಿಡುತ್ತಿದ್ದ. ಮಾಳಿಗೆ ಕತ್ತಲಾಗುತ್ತಿತ್ತು. ಮನೆಮಂದಿಯ ಎದುರು ತನಗೊಬ್ಬನಿಗೇ ಕಾಣಲಿಲ್ಲ ಎಂದು ಯಾರು ಹೇಳುತ್ತಾರೆ? "ಹೌದ್ರಿ ಹೌದ್ರಿ" ಎನ್ನುತ್ತಾ ಹೊರಬರುತ್ತಿದ್ದರು. ವಿಜಯಪುರದ ಒಬ್ಬ ಮಾಸ್ತರರಂತೂ ನೀಲವ್ವನ ಮುಂದೆಯೇ ನಿಂತು "ಆ ಕನ್ನಡಿ ಹಿಡಿದಾಕಿ, ಏನ್ ಕಳಾ ರೀ!" ಎಂದು ಕೈ ಮುಗಿದರು. ನೀಲವ್ವ ನಾಚಿಕೊಂಡು ನನ್ನ ಹಿಂದೆ ಮುಖ ಮುಚ್ಚಿಕೊಂಡಳು.

ಹೀಗೆ ಹದಿನೈದು ವರ್ಷ. ಅವಳು ಒಮ್ಮೊಮ್ಮೆ "ಒಂದಿನ ನಾನೂ ನೋಡತೀನಿ" ಎಂದರೆ ಅವನು ಬಾವಲಿ ಎನ್ನುತ್ತಿದ್ದ, ಹಾವು ಎನ್ನುತ್ತಿದ್ದ, ಮಂದಿ ಹೆಚ್ಚು ಎನ್ನುತ್ತಿದ್ದ. ಕನ್ನಡಿಯೊಳಗಿನ ಗಂಟು ಎಂಬ ಗಾದೆ ನನಗೆ ಹಿಡಿಸುವುದಿಲ್ಲ, ನಮ್ಮ ಕುಲಕ್ಕೆ ಅವಮಾನ. ಆದರೆ ಆ ಮಾಳಿಗೆ ನೀಲವ್ವನಿಗೆ ಅದೇ ಆಗಿತ್ತು.

ಆಮೇಲೆ ಒಂದು ಚಳಿಗಾಲ, ಒಳಕೋಣೆಯ ಮಾಳಿಗೆಯಲ್ಲಿ ಬಿರುಕು ಬೆಳೆಯುತ್ತಿದೆ ಎಂದು ಪರೀಕ್ಷೆ ಮಾಡಲು ಬಂದವರು ಹೇಳಿದರು. ಜನರ ಹಿತಕ್ಕಾಗಿ, ಕಲ್ಲಿನ ಹಿತಕ್ಕಾಗಿ ಸೋಮವಾರದಿಂದ ಬಾಗಿಲಿಗೆ ಕಬ್ಬಿಣದ ಜಾಲರಿ ಬೀಳುತ್ತದೆ, ಒಳಗೆ ಯಾರಿಗೂ ಪ್ರವೇಶವಿಲ್ಲ ಎಂದಾಯಿತು. ಹೊರಗಿನ ಗುಹೆಗಳು ತೆರೆದೇ ಇರುತ್ತಿದ್ದವು, ಹೊಟ್ಟೆಪಾಡಿಗೆ ಮೋಸವಿರಲಿಲ್ಲ. ಆದರೆ ಭಾನುವಾರದ ಎರಡು ತಾಸು ಬಿಟ್ಟರೆ ನೀಲವ್ವನಿಗೆ ತನ್ನ ಮೂಗಿನ ಆ ಹೆಣ್ಣನ್ನು ನೋಡುವ ದಾರಿಯಿರಲಿಲ್ಲ.

"ಇವತ್ತ ಹೆಂಗರ ಮಾಡಿ ಅಕಿನ್ನ ನೋಡಾಕ ಬೇಕ್ರಿ," ಎಂದಳು ಆ ಭಾನುವಾರ ಮೆಟ್ಟಿಲು ಹತ್ತುವಾಗ.

"ಇವತ್ತ ಮಂದಿ ಭಾಳ," ಎಂದ ಯಮನಪ್ಪ. ಅವನ ದನಿಯಲ್ಲಿ ದುಃಖವಿತ್ತು, ಅದರ ಅಡಿಯಲ್ಲಿ ಒಂದಿಷ್ಟು ನಿರಾಳವೂ ಇತ್ತು. ನಾಳೆಯಿಂದ ಆ ಸುಳ್ಳು ಬೀಗದೊಳಗೆ ಸುರಕ್ಷಿತ.

ಮಂದಿ ನಿಜಕ್ಕೂ ಇರುವೆಯಂತೆ ಬಂದರು. ಒಂದರ ಹಿಂದೆ ಒಂದು ಗುಂಪು. ನೀಲವ್ವನಿಗೆ ನನ್ನನ್ನು ಕೆಳಗಿಡಲು ಬಿಡುವಿಲ್ಲ. ಹನ್ನೊಂದರ ಸುಮಾರಿಗೆ ಗಜೇಂದ್ರಗಡದ ನದಾಫರ ಮನೆತನ ಬಂತು. ಗಾದಿ ಹೊಲಿಯುವ ಕಸುಬಿನವರು. ಮಕ್ಕಳು ಮೊಮ್ಮಕ್ಕಳೆಲ್ಲ ಒಳಗೆ ಹೋದರು. ಮೊಣಕಾಲು ನೋವಿನ ಹಿರಿಯ ಜೀವ ಅಮೀನಾಬಿ ಮಾತ್ರ ಬುತ್ತಿ, ಚಪ್ಪಲಿಗಳ ಕಾವಲಿಗೆ ಅಂಗಳದ ಕಲ್ಲಿನ ಮೇಲೆ, ನಮ್ಮ ಪಕ್ಕದಲ್ಲೇ ಕೂತಳು.

"ಒಳಗ ಏನೇನ್ ಐತವಾ ತಂಗಿ? ನನ್ನ ಕಾಲು ಆ ಹೊಸ್ತಿಲಾ ದಾಟಂಗಿಲ್ಲ."

ನೀಲವ್ವ ಬೆಳಕು ಅಲುಗದಂತೆ ನಿಂತುಕೊಂಡೇ ಹೇಳಿದಳು. ಮೀನು, ಗಣ, ಮುಳ್ಳು, ಕೊನೆಗೆ ಕನ್ನಡಿ ಹಿಡಿದ ಹೆಣ್ಣು. ಅವಳ ಜಡೆ, ಅವಳ ಸೊಂಟ, ನಿಂತ ಠೀವಿ. ಹದಿನೈದು ವರ್ಷದಲ್ಲಿ ಅವಳು ಆ ಹೆಣ್ಣಿಗೆ ಒಡವೆಯನ್ನೂ ತೊಡಿಸಿದ್ದಳು.

"ಕಣ್ಣಿಗೆ ಕಟ್ಟಿದಂಗ ಹೇಳಿದಿ ನೋಡು," ಎಂದಳು ಅಮೀನಾಬಿ. "ದಿನಾ ನೋಡತೀ ಅಂತ ಕಾಣತದ."

"ನಾ ಒಮ್ಮೆನೂ ನೋಡಿಲ್ರಿ ಅಮ್ಮಾರ. ಇವತ್ತು ಬಿಟ್ರ ಇನ್ನ ಸಿಗಾಂಗಿಲ್ಲ."

ಮುದುಕಿ ಎರಡೂ ಕೈ ಚಾಚಿದಳು. "ಕೊಡಿಲ್ಲಿ."

"ಇದನ್ನ ಯಾರಿಗೂ ಕೊಡಾಂಗಿಲ್ರಿ, ನಮ್ಮಪ್ಪ..."

"ನಲವತ್ತು ವರ್ಷ ದಬ್ಬಣ ಹಿಡಿದ ಕೈ ಐತಿ ಇದು. ನಡುಗೂದಿಲ್ಲ. ಹೋಗು, ನೋಡಿ ಬಾ. ಬಿಸಲು ಓಡಾಕತ್ತೈತಿ."

ಹೀಗೆ ನಾನು ಮೊದಲ ಸಲ ಹೊರಗಿನವರ ಕೈ ಸೇರಿದೆ. ಅಮೀನಾಬಿ ನನ್ನನ್ನು ಮೊಣಕಾಲಿಗೆ ಆನಿಸಿಕೊಂಡಳು. ಬೆಳಕು ಎರಡು ಸಲ ಹೊಯ್ದಾಡಿತು, ಕಂಬಕ್ಕೆ ಬಡಿಯಿತು, ಆಮೇಲೆ ನೆಟ್ಟಗೆ ನಿಂತಿತು. ಆ ಕೈಗೆ ನಾನು ಇಂದಿಗೂ ಋಣಿ.

ನೀಲವ್ವ ನನ್ನ ಬೆಳಕಿನ ಪಕ್ಕದಲ್ಲೇ ನಡೆದು ಒಳಗೆ ಹೋದಳು. ಅವಳನ್ನು ಕಂಡು ಯಮನಪ್ಪನ ಮಾತು ಅರ್ಧಕ್ಕೇ ನಿಂತಿತು. ನದಾಫರ ಮಕ್ಕಳು ಕಾಯುತ್ತಿದ್ದರು, ಹೇಳದೆ ವಿಧಿಯಿಲ್ಲ. ಮೀನು ತೋರಿಸಿದ. ಗಣನನ್ನು ತೋರಿಸಿದ, ನೀಲವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಮುಳ್ಳು ತೆಗೆಯುವವನನ್ನು ತೋರಿಸಿದಾಗ ಅವಳು ತಲೆಯೆತ್ತಿ ನಿಂತಳು, ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ಆಮೇಲೆ ಯಮನಪ್ಪ ಧೋತರ ಮಡಚಲು ಹೊರಟ.

"ನಾಕನೇ ಮೂಲಿ ಐತಲ್ರಿ," ಎಂದಳು ನೀಲವ್ವ. "ಧೋತರ ಎತ್ತರಿ."

ಅವನು ಅರ್ಧ ಮಡಚಿದ್ದ ಬಟ್ಟೆಯನ್ನು ಬಿಡಿಸಿದ. ಕಡೆಗೂ ವಾಲಿಸಿದ. ನಾನು, ಇಷ್ಟು ಜಂಬದ ನಾನು, ಅವತ್ತೊಂದು ದಿನ ಮೋಡ ಬರಲಿ ಎಂದು ಬೇಡಿಕೊಂಡೆ. ಮೋಡ ಬರಲಿಲ್ಲ. ನಾಲ್ಕನೆಯ ಮೂಲೆ ಚೆನ್ನಾಗಿ ಬೆಳಗಿತು. ಉಳಿಯ ಗೆರೆಗಳು ಒಂದೊಂದೂ ಎಣಿಸುವಂತೆ ಕಂಡವು.

"ಅಲ್ಲೇನೂ ಇಲ್ಲಲ್ಲ," ಎಂದಿತು ಒಂದು ಮಗು.

ಯಮನಪ್ಪ ತಲೆಯೆತ್ತಲಿಲ್ಲ. "ಇಲ್ಲ," ಎಂದ. "ಅವತ್ತು ನೀ ಕೇಳಿದಿ. ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ."

ನೀಲವ್ವ ಇನ್ನಷ್ಟು ಹೊತ್ತು ಮೇಲೆ ನೋಡಿದಳು. ಆಮೇಲೆ ಹೊರಗೆ ಬಂದಳು. ಅಮೀನಾಬಿ "ಕಂಡಳೇನವಾ?" ಎಂದು ಕೇಳುತ್ತಿದ್ದಂತೆ ನನ್ನನ್ನು ಎತ್ತಿಕೊಂಡಳು. ಅವಳ ಬೆರಳು ತಣ್ಣಗಿದ್ದವು. ಹದಿನೈದು ವರ್ಷ ಒಡವೆ ತೊಡಿಸಿದ ಹೆಣ್ಣು ಒಂದು ಗಳಿಗೆಯಲ್ಲಿ ಹೋಗಿಬಿಟ್ಟಿದ್ದಳು. ಮನೆಗೆ ನಡೆದುಬಿಡುತ್ತಾಳೆ ಎಂದುಕೊಂಡೆ. ನಡೆದಿದ್ದರೆ ತಪ್ಪೆನ್ನುತ್ತಿರಲಿಲ್ಲ.

ಇನ್ನೂ ಒಂದು ಗುಂಪು ಉಳಿದಿತ್ತು, ಮೂರ್ನಾಲ್ಕು ಮನೆತನಗಳು ಕೂಡಿ ಇಪ್ಪತ್ತು ಮೂವತ್ತು ಜನ. ನೆರಳು ಅಂಗಳದ ಅರ್ಧಕ್ಕೆ ಬಂದಿತ್ತು. ನೀಲವ್ವ ಎರಡು ಹೆಜ್ಜೆ ಮುಂದೆ ಸರಿದು, ಉಳಿದ ಬಿಸಿಲಲ್ಲಿ ನಿಂತು, ನನ್ನನ್ನು ಎತ್ತಿದಳು.

ಒಳಗೆ ಯಮನಪ್ಪನ ದನಿ ಸೋತಿತ್ತು. ಮೂರು ಮೂಲೆ ಮುಗಿಸಿ ಅವನು ಧೋತರ ಮಡಚಲಿಲ್ಲ. ನಾಲ್ಕನೆಯ ಕಡೆ ವಾಲಿಸಿ ಹೇಳಿದ, "ಈ ಮೂಲಿ ಖಾಲಿ ಐತ್ರಿ. ಶಿಲ್ಪಿಗಳು ಮುಗಸದ ಹಂಗ ಹೋಗ್ಯಾರ. ಇಷ್ಟು ದಿನಾ ನಾ ಇಲ್ಲದ್ದು ಹೇಳತಿದ್ದೆ."

ಆಗ ಹೊರಗಿನಿಂದ ನೀಲವ್ವ ಕೂಗಿದಳು. ಹದಿನೈದು ವರ್ಷದಲ್ಲಿ ಅಂಗಳದಿಂದ ಅವಳ ದನಿ ಗುಹೆಯೊಳಗೆ ಹೋದದ್ದು ಅದೇ ಮೊದಲು.

"ಕನ್ನಡಿ ಹಿಡಿದಾಕಿನ್ನ ಯಾಕ ಬಿಟ್ರಿ? ತೋರಸ್ರಿ ಮಂದಿಗೆ!"

ಒಳಗೆ ಎಲ್ಲರೂ ಮಾಳಿಗೆ ಬಿಟ್ಟು ಬಾಗಿಲ ಕಡೆ ತಿರುಗಿದರು. ಕಂಬಗಳ ನಡುವೆ, ಬಿಸಿಲಿನಲ್ಲಿ, ಇಳಕಲ್ಲ ಸೀರೆಯ ಸೆರಗು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ನನ್ನನ್ನು ಎದೆಯೆತ್ತರಕ್ಕೆ ಹಿಡಿದು ಅವಳು ನಿಂತಿದ್ದಳು. ಯಮನಪ್ಪ ಬಾಗಿಲ ಕಡೆ ಕೈ ಚಾಚಿದ. "ಅಗೋ, ಅಲ್ಲಿ ಅದಾಳ ನೋಡ್ರಿ," ಎಂದ. "ನನ್ನ ಹೇಣ್ತಿ, ನೀಲವ್ವ. ನೀವು ನೋಡಿದ ಬೆಳಕೆಲ್ಲ ಅಕಿದು."

"ಆಹಾ" ಎಂದರು. ಒಳಗಿನವರೂ ಎಂದರು, ಹೊರಗೆ ಕಲ್ಲಿನ ಮೇಲೆ ಇನ್ನೂ ಕೂತಿದ್ದ ಅಮೀನಾಬಿಯೂ ಎಂದಳು. ನಾನು ಎಷ್ಟೋ ಸಾವಿರ ಸಲ ಆ ಸದ್ದು ಕೇಳಿದ್ದೇನೆ, ಯಾವಾಗಲೂ ಅದು ಮೇಲಕ್ಕೆ, ಕಲ್ಲಿಗೆ ಹೋಗುತ್ತಿತ್ತು. ಅವತ್ತು ನಮ್ಮ ಕಡೆ ಬಂತು.

ಸೋಮವಾರ ಜಾಲರಿ ಬಿತ್ತು. ಯಮನಪ್ಪ ನನ್ನನ್ನು ಮತ್ತೆ ತಿಜೋರಿಯ ಬಾಗಿಲಿಗೆ ಕೂರಿಸಿದ. ಈಗ ನನ್ನ ಅಂಚಿನ ರಸ ಕಪ್ಪಾಗಿ ಏಳುತ್ತಿದೆ, ಒಂದು ಮೂಲೆ ಚಕ್ಕೆ ಹಾರಿದೆ, ಮುಖ ನೋಡಿಕೊಳ್ಳುವವರಿಗೆ ಕೆನ್ನೆಯ ಮೇಲೆ ಕಲೆ ಕಾಣುತ್ತದೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ನೀಲವ್ವ ದಿನಾ ಬೆಳಿಗ್ಗೆ ನನ್ನ ಮುಂದೆ ಕುಂಕುಮ ಇಟ್ಟುಕೊಂಡು ಗುಡ್ಡ ಹತ್ತುತ್ತಾಳೆ. ಜಾಲರಿಯ ಮುಂದೆ ನಿಂತು, ಬಂದ ಮನೆಮಂದಿಗೆ ಒಳಗೇನಿದೆ ಎಂದು ಈಗ ಅವಳೇ ಹೇಳುವುದು. ನಾಲ್ಕನೆಯ ಮೂಲೆ ಖಾಲಿ ಎಂದೇ ಹೇಳುತ್ತಾಳಂತೆ. ಯಮನಪ್ಪ ಪಕ್ಕದಲ್ಲಿ ಕೂತು ಅವರ ಬುತ್ತಿ, ಚಪ್ಪಲಿ ಕಾಯುತ್ತಾನಂತೆ.

ಮೊನ್ನೆ ಅವನು ನನ್ನೆದುರು ಗಡ್ಡ ಹೆರೆದುಕೊಳ್ಳುತ್ತಾ, ನನ್ನಲ್ಲಿ ಕಾಣುತ್ತಿದ್ದ ಅವಳನ್ನು ಕೇಳಿದ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತಿರಬೇಕು.

"ಅವತ್ತ ನೀ ಕೇಳಿದಾಗ ನಾ ಇಲ್ಲ ಅಂದಿದ್ರ, ನೀ ಮರುದಿನ ಬರತಿದ್ದಿಲ್ಲ, ಹೌದಿಲ್ಲೋ?"

"ಬರತಿದ್ದೆ," ಎಂದಳು ನೀಲವ್ವ, ಜಡೆ ಹೆಣೆಯುವುದನ್ನು ನಿಲ್ಲಿಸದೆ. "ಮಂದಿ ಆಹಾ ಅನ್ನೂದು ಕೇಳಾಕ ಬರತಿದ್ದೆ."

ನಾನೂ ಅದಕ್ಕೇ ಹೋಗುತ್ತಿದ್ದೆ.